ಸಣ್ಣ ಹ್ಯಾಚ್‌ಬ್ಯಾಕಾ, ಸ್ಪೋರ್ಟಿ ಕಾರಾ? ನಮ್ಮ ಘಾಟಿ, ಹೈವೇ, ಸಿಟಿ ರೋಡಲ್ಲಿ ಯಾವುದು ಹೇಗೆ ಓಡುತ್ತೆ

ಯಾರಾದ್ರೂ ಕಾರ್ ತಗೋತೀನಿ ಅಂದ ತಕ್ಷಣ ಬರೋ ಪ್ರಶ್ನೆಗಳು ನಮಗೆಲ್ಲ ಗೊತ್ತು, ಮೈಲೇಜ್ ಎಷ್ಟು, ಸರ್ವೀಸ್ ಖರ್ಚು ಎಷ್ಟು, ನಾಳೆ ಮಾರಿದ್ರೆ ಎಷ್ಟು ಬರುತ್ತೆ, ಈಗೀಗ ಸನ್‌ರೂಫ್ ಇದ್ಯಾ ಅನ್ನೋದೂ ಸೇರ್ಕೊಂಡಿದೆ. ಆದ್ರೆ ಈ ಕಾರು ತಿರುವಲ್ಲಿ ಎಷ್ಟು ವಾಲುತ್ತೆ, ಮಳೇಲಿ ಬ್ರೇಕ್ ಒತ್ತಿದ್ರೆ ನೆಟ್ಟಗೆ ನಿಲ್ಲುತ್ತಾ, ನಾಲ್ಕು ಜನ ಕೂತು ಡಿಕ್ಕಿ ತುಂಬಿಸ್ಕೊಂಡು ಘಾಟಿ ಇಳಿಯುವಾಗ ಕಾರು ನಮ್ಮ ಹಿಡಿತದಲ್ಲೇ ಇರುತ್ತಾ ಅಂತ ಕೇಳೋರು ಬಹಳ ಕಮ್ಮಿ. ಬೆಂಗಳೂರಲ್ಲಿ ಕೆಲಸ, ಊರು ಮಲೆನಾಡೋ ಕರಾವಳಿಯೋ ಆಗಿರೋ ಸಾವಿರಾರು ಮನೆಗಳಿಗೆ ಇದೇ ಮುಖ್ಯವಾದ ಪ್ರಶ್ನೆ ಅಂತ ನಾನಂತೂ ನಂಬ್ತೀನಿ, ಯಾಕಂದ್ರೆ ವಾರ ಪೂರ್ತಿ ಟ್ರಾಫಿಕ್ಕಲ್ಲಿ ತೆವಳೋ ಅದೇ ಕಾರು ಶನಿವಾರ ಬೆಳಗಾದ್ರೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇರುತ್ತೆ.

ಇಲ್ಲಿ ನಾನು ಹೋಲಿಸ್ತಿರೋದು ಒಂದು ಕಡೆ ಮಾರುತಿ ಆಲ್ಟೊ ಕೆ10, ವ್ಯಾಗನ್‌ಆರ್, ಟಾಟಾ ಟಿಯಾಗೊ ಥರದ ಉಳಿತಾಯದ ಹ್ಯಾಚ್‌ಬ್ಯಾಕ್‌ಗಳು, ಇನ್ನೊಂದು ಕಡೆ ಹ್ಯುಂಡೈ ಐ20 ಎನ್ ಲೈನ್, ಟಾಟಾ ಆಲ್ಟ್ರೋಜ್ ರೇಸರ್, ಹಳೇ ಪೋಲೊ ಜಿಟಿ ಟಿಎಸ್‌ಐ, ಸ್ವಲ್ಪ ದೊಡ್ಡದು ಬೇಕಂದ್ರೆ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಥರದ್ದು. ಮಧ್ಯದಲ್ಲಿ ಸ್ವಿಫ್ಟ್ ಇದೆ, ಅದರ ವಿಷ್ಯಕ್ಕೆ ಆಮೇಲೆ ಬರ್ತೀನಿ. ಗಾಲ್ಫ್ ಜಿಟಿಐ, ಆಕ್ಟೇವಿಯಾ ಆರ್‌ಎಸ್ ಇಂಥವನ್ನ ಬೇಕಂತಲೇ ಬಿಟ್ಟಿದೀನಿ, 265 ಪಿಎಸ್ (ಹಾರ್ಸ್‌ಪವರ್ ಥರದ ಅಳತೆ) ಪವರ್ ಇರೋ ಆ ಕಾರುಗಳನ್ನೂ ಆಲ್ಟೊನೂ ಒಂದೇ ಸಾಲಲ್ಲಿ ನಿಲ್ಲಿಸಿ ಮಾತಾಡಿದ್ರೆ ಕಾರ್ ತಗೊಳ್ಳೋರಿಗೆ ಏನೂ ಉಪಯೋಗ ಆಗಲ್ಲ.

ಪವರ್ ಬಿಡಿ, ಮೊದಲು ಅಗಲ ಎತ್ತರ ನೋಡಿ

ಶೋರೂಮಲ್ಲಿ ಕೊಡೋ ಬ್ರೋಶರ್‌ನ ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಕಾರಿನ ಅಳತೆ ಇರುತ್ತಲ್ಲ, ಅದನ್ನ ಒಮ್ಮೆ ಓದಿ. ವ್ಯಾಗನ್‌ಆರ್ ಅಗಲ 1620 ಮಿಲಿಮೀಟರ್, ಎತ್ತರ 1675, ಅಂದ್ರೆ ಕಾರು ಅಗಲಕ್ಕಿಂತ ಎತ್ತರನೇ ಜಾಸ್ತಿ. ಆಲ್ಟೊ ಕೆ10 ಕೂಡ ಹಾಗೇ, 1490 ಅಗಲ, 1520 ಎತ್ತರ. ಈಗ ಈ ಕಡೆ ನೋಡಿ, ಐ20 1775 ಅಗಲ 1505 ಎತ್ತರ, ವರ್ಟಸ್ 1752 ಅಗಲ 1507 ಎತ್ತರ, ಹಳೇ ಪೋಲೊ 1682 ಅಗಲ 1469 ಎತ್ತರ. ತಿರುವಲ್ಲಿ ಒಳಗಡೆ ಚಕ್ರದ ಮೇಲಿರೋ ಭಾರ ಹೊರಗಡೆ ಚಕ್ರಕ್ಕೆ ಹೋಗುತ್ತೆ, ಎಷ್ಟು ಹೋಗುತ್ತೆ ಅನ್ನೋದು ಕಾರಿನ ಭಾರ ಎಷ್ಟು ಎತ್ತರದಲ್ಲಿ ಕೂತಿದೆ ಮತ್ತು ಎಡ ಬಲ ಚಕ್ರಗಳ ಮಧ್ಯೆ ಎಷ್ಟು ಜಾಗ ಇದೆ ಅನ್ನೋದರ ಮೇಲೆ ನಿಂತಿದೆ. ಎತ್ತರ ಜಾಸ್ತಿ, ಅಗಲ ಕಮ್ಮಿ ಇದ್ರೆ ಹೊರಗಿನ ಎರಡು ಟೈರೇ ಹೆಚ್ಚುಕಮ್ಮಿ ಎಲ್ಲಾ ಕೆಲಸ ಮಾಡ್ಬೇಕು, ಒಳಗಿನವು ಸುಮ್ನೆ ನೆಲ ಮುಟ್ಕೊಂಡಿರುತ್ತೆ ಅಷ್ಟೆ.

ಹಾಗಂತ ವ್ಯಾಗನ್‌ಆರ್ ಕೆಟ್ಟ ಕಾರು ಅಂತಲ್ಲ. ಆ ಎತ್ತರ ಇಟ್ಟಿರೋದೇ ವಯಸ್ಸಾದ ಅಪ್ಪ ಅಮ್ಮ ಬಗ್ಗದೆ ಆರಾಮಾಗಿ ಹತ್ತಿ ಇಳೀಲಿ, ತಲೆ ತಾಗದಿರಲಿ, ಸಣ್ಣ ಜಾಗದಲ್ಲಿ ಜಾಸ್ತಿ ಜನ ಕೂರಲಿ ಅಂತ, ಆ ಕೆಲಸ ಅದು ತುಂಬ ಚೆನ್ನಾಗಿ ಮಾಡುತ್ತೆ. ಆದ್ರೆ ಅದೇ ಎತ್ತರ ಹೈವೇಲಿ ಪಕ್ಕದಿಂದ ಗಾಳಿ ಬೀಸಿದಾಗ, ದೊಡ್ಡ ಲಾರಿನ ದಾಟುವಾಗ ಒಂದು ತಳ್ಳು ಕೊಟ್ಟ ಹಾಗೆ ಗೊತ್ತಾಗುತ್ತೆ. ಒಂದು ಸಿಕ್ಕಿದ್ರೆ ಇನ್ನೊಂದನ್ನ ಬಿಟ್ಟುಕೊಡ್ಬೇಕು.

ಸಸ್ಪೆನ್ಶನ್ ವಿಷ್ಯದಲ್ಲಿ ಒಂದು ತಪ್ಪು ತಿಳುವಳಿಕೆ ತುಂಬ ಇದೆ, ಸ್ಪೋರ್ಟಿ ಕಾರಿಗೆ ಏನೋ ಬೇರೇನೇ ಸಸ್ಪೆನ್ಶನ್ ಇರುತ್ತೆ ಅಂತ. ನಾವು ಮಾತಾಡ್ತಿರೋ ಈ ಎಲ್ಲಾ ಕಾರುಗಳಿಗೂ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗೆ ಇರೋ ಕಂಬ), ಹಿಂದೆ ಟಾರ್ಶನ್ ಬೀಮ್ (ಎರಡೂ ಹಿಂದಿನ ಚಕ್ರ ಜೋಡಿಸೋ ತೊಲೆ) ಜಾತಿದೇ ಇರೋದು, ಆಲ್ಟೊಗೂ ಅದೇ, ಐ20ಗೂ ಅದೇ, ವರ್ಟಸ್‌ಗೂ ಅದೇ. ವ್ಯತ್ಯಾಸ ಇರೋದು ಸ್ಪ್ರಿಂಗ್ ಎಷ್ಟು ಗಟ್ಟಿ, ಶಾಕ್ ಅಬ್ಸಾರ್ಬರ್ ಎಷ್ಟು ಬಿಗಿ, ಬಾಡಿ ವಾಲದಂಗೆ ತಡೆಯೋ ಆಂಟಿ ರೋಲ್ ಬಾರ್ ಎಷ್ಟು ದಪ್ಪ, ಜಾಯಿಂಟಲ್ಲಿರೋ ರಬ್ಬರ್ ಬುಷ್‌ಗಳು ಎಷ್ಟು ಮೆತ್ತಗಿವೆ ಅನ್ನೋದರಲ್ಲಿ. ಐ20 ಎನ್ ಲೈನ್ 2021ರಲ್ಲಿ ಬಂದಾಗ ಮಾಮೂಲಿ ಐ20ಗಿಂತ ಗಟ್ಟಿ ಸಸ್ಪೆನ್ಶನ್, ಸ್ವಲ್ಪ ಭಾರದ ಸ್ಟೇರಿಂಗ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ರು, ಬಾಡಿ ಅದೇ. ಅಷ್ಟರಲ್ಲೇ ಕಾರಿನ ಗುಣನೇ ಬದಲಾಗಿ ಹೋಯ್ತು.

ನಿಜವಾದ ವ್ಯತ್ಯಾಸ ಟೈರಲ್ಲಿದೆ

ರೋಡಿಗೂ ಕಾರಿಗೂ ಇರೋ ಸಂಬಂಧ ಅಂದ್ರೆ ನಾಲ್ಕು ಅಂಗೈಯಷ್ಟು ಜಾಗ. ಆಲ್ಟೊ ಕೆ10ಗೆ 145/80 ಆರ್13, ವ್ಯಾಗನ್‌ಆರ್ 1 ಲೀಟರ್‌ಗೆ 155/80 ಆರ್13, ಸ್ವಿಫ್ಟ್ ಮೇಲಿನ ವೇರಿಯಂಟ್‌ಗೆ 185/65 ಆರ್15, ಐ20 ಎನ್ ಲೈನ್‌ಗೆ 195/55 ಆರ್16, ವರ್ಟಸ್ ಜಿಟಿಗೆ 205/55 ಆರ್16. ಮೊದಲ ನಂಬರ್ ಟೈರಿನ ಅಗಲ ಮಿಲಿಮೀಟರ್‌ನಲ್ಲಿ, ಎರಡನೇದು ಆ ಅಗಲಕ್ಕೆ ಟೈರಿನ ಪಕ್ಕೆ ಶೇಕಡ ಎಷ್ಟು ಎತ್ತರ ಅಂತ, ಆರ್ ಆದ ಮೇಲಿರೋದು ರಿಮ್ಮಿನ ವ್ಯಾಸ ಇಂಚಲ್ಲಿ. ಲೆಕ್ಕ ಹಾಕಿ ನೋಡಿ, ಆಲ್ಟೊ ಟೈರಿನ ಪಕ್ಕೆ 116 ಮಿಲಿಮೀಟರ್, ಎನ್ ಲೈನ್‌ದು ಹತ್ತತ್ರ 107, ಅಂದ್ರೆ ಎತ್ತರದಲ್ಲಿ ಬರೀ 9 ಮಿಲಿಮೀಟರ್ ವ್ಯತ್ಯಾಸ, ಆದ್ರೆ ಅಗಲದಲ್ಲಿ 50. ಸಪೂರ ಟೈರು ಅಷ್ಟೇ ಎತ್ತರದ ಪಕ್ಕೆ ಇಟ್ಕೊಂಡಾಗ ತಿರುವಲ್ಲಿ ಪಕ್ಕಕ್ಕೆ ಬಾಗುತ್ತೆ, ನೀವು ಸ್ಟೇರಿಂಗ್ ತಿರುಗಿಸಿದ ಮೇಲೆ ಕಾರಿನ ಮೂತಿ ತಿರುಗೋಕೆ ಒಂದು ಚೂರು ತಡ ಆಗುತ್ತೆ. ಸಣ್ಣ ಕಾರು ಓಡಿಸೋರು ಸ್ಟೇರಿಂಗ್ ಸಡಿಲ ಇದೆ ಅಂತಾರಲ್ಲ, ಬಹಳಷ್ಟು ಸಲ ಅದು ಸ್ಟೇರಿಂಗ್ ಸಮಸ್ಯೆನೇ ಅಲ್ಲ, ಟೈರು ಬಾಗೋದು. ಅದರ ಜೊತೆಗೆ ಉಳಿತಾಯದ ಕಾರಿಗೆ ಕಂಪನಿಯಿಂದ ಬರೋ ಟೈರು ಮೈಲೇಜ್ ಕೊಡ್ಲಿ ಅಂತ ಸಲೀಸಾಗಿ ಉರುಳೋ ಥರದ್ದಾಗಿರುತ್ತೆ, ಗ್ರಿಪ್ ಅದಕ್ಕೆ ಎರಡನೇ ಮಾತು.

ಸಪೂರ ಟೈರಿಗೆ ಒಂದು ಒಳ್ಳೇ ಗುಣನೂ ಇದೆ, ಯಾರೂ ಹೇಳಲ್ಲ. ರೋಡ್ ಮೇಲೆ ನೀರು ನಿಂತಿದ್ದಾಗ ಸಪೂರ ಟೈರು ನೀರನ್ನ ಸೀಳ್ಕೊಂಡು ಹೋಗುತ್ತೆ, ಅಗಲ ಟೈರು ಅದೂ ಸವೆದಿದ್ರೆ ನೀರಿನ ಮೇಲೆ ತೇಲೋಕೆ ಶುರು ಮಾಡುತ್ತೆ, ಆಗ ಸ್ಟೇರಿಂಗು ಬ್ರೇಕು ಯಾವುದೂ ಕೇಳಲ್ಲ. ಜುಲೈ ತಿಂಗಳಲ್ಲಿ ಸವೆದ 205 ಟೈರ್ ಹಾಕ್ಕೊಂಡಿರೋ ಸ್ಪೋರ್ಟಿ ಕಾರಿಗಿಂತ ಹೊಸ ಟೈರಿರೋ ಟಿಯಾಗೊನೇ ಸೇಫ್. ಕಾನೂನು ಪ್ರಕಾರ ಟೈರಿನ ಗೀರುಗಳ ಆಳ 1.6 ಮಿಲಿಮೀಟರ್ ಇದ್ರೆ ಸಾಕು, ಮಲೆನಾಡಲ್ಲಿ ಮಳೆಗಾಲ ಕಳೆಯೋರು ಅಷ್ಟು ಸವೆಯೋವರೆಗೂ ಕಾಯ್ಬೇಡಿ, 3 ಮಿಲಿಮೀಟರ್‌ಗೆ ಬಂದಾಗಲೇ ಬದಲಾಯಿಸಿ.

ಚಾರ್ಮಾಡಿ ಇಳಿಯುವಾಗ

ಕೊಟ್ಟಿಗೆಹಾರದಿಂದ ಕೆಳಗೆ ಇಳಿಯುವಾಗ ಒಂದು ಬಿಗಿಯಾದ ತಿರುವು ಬರುತ್ತೆ ಅಂದ್ಕೊಳ್ಳಿ, ಬೆಳಗಿನ ಮಂಜು, ರೋಡ್ ಒದ್ದೆ, ಗೋಡೆ ಪಕ್ಕ ಪಾಚಿ, ಮೇಲಿಂದ ತೊಳ್ಕೊಂಡು ಬಂದ ಕೆಂಪು ಮಣ್ಣು ಅರ್ಧ ರೋಡಿಗೆ ಹರಡಿದೆ. ಆಲ್ಟೊದಲ್ಲಿ ನೀವು ಸೆಕೆಂಡ್ ಗೇರಲ್ಲಿ ಬರ್ತೀರ, ತಿರುವಿಗೆ ಮುಂಚೆನೇ ಬ್ರೇಕ್ ಹಿಡೀತೀರ, ಮೂತಿ ಒಂಚೂರು ಕೆಳಗೆ ಬಾಗುತ್ತೆ, ಸ್ಟೇರಿಂಗ್ ತಿರುಗಿಸಿದ್ರೆ ಮೊದಲು ಬಾಡಿ ಹೊರಗಡೆ ವಾಲುತ್ತೆ, ಆಮೇಲೆ ಟೈರು ಬಾಗಿ ಕೂರುತ್ತೆ, ಅದಾದ ಮೇಲೆ ಕಾರು ತಿರುಗುತ್ತೆ. ಎರಡು ಮೂರು ಹಂತ. ಸ್ಪೀಡ್ ಸ್ವಲ್ಪ ಜಾಸ್ತಿ ಆಗಿದ್ರೆ ಮುಂದಿನ ಟೈರು ಕುಂಯ್ ಅನ್ನುತ್ತೆ, ಕಾರು ನೀವು ತಿರುಗಿಸಿದ್ದಕ್ಕಿಂತ ಅಗಲವಾಗಿ ಹೊರಗೆ ಹೋಗೋಕೆ ನೋಡುತ್ತೆ, ಇದನ್ನೇ ಅಂಡರ್‌ಸ್ಟಿಯರ್ ಅನ್ನೋದು, ಆಕ್ಸಲರೇಟರ್ ಮೆಲ್ಲಗೆ ಬಿಟ್ರೆ ವಾಪಸ್ ಲೈನಿಗೆ ಬರುತ್ತೆ. ಇದರಲ್ಲಿ ಒಂದು ಒಳ್ಳೇದಿದೆ, ಕಾರು ತನ್ನ ಮಿತಿನ ಬಹಳ ಮುಂಚೆ, ಕಮ್ಮಿ ಸ್ಪೀಡಲ್ಲೇ ತೋರಿಸಿಬಿಡುತ್ತೆ, ಹೊಸಬರಿಗೂ ಅರ್ಥ ಆಗುತ್ತೆ.

ಅದೇ ತಿರುವಿಗೆ ಎನ್ ಲೈನ್ ಅಥವಾ ಜಿಟಿ ತಗೊಂಡು ಬನ್ನಿ. ಬ್ರೇಕ್ ಒತ್ತಿದ್ರೆ ಮೂತಿ ಅಷ್ಟು ಬಾಗಲ್ಲ, ಸ್ಟೇರಿಂಗ್ ತಿರುಗಿಸಿದ ಕ್ಷಣಕ್ಕೇ ಕಾರು ತಿರುಗುತ್ತೆ, ವಾಲೋದು ಕಮ್ಮಿ, ಮಧ್ಯದಲ್ಲಿ ಗುಂಡಿ ಸಿಕ್ಕಿದ್ರೂ ಒಂದು ಸಲ ಧಡ್ ಅಂತ ಹೊಡೆದು ಲೈನ್ ಬಿಡದೆ ಮುಂದೆ ಹೋಗುತ್ತೆ. ಖುಷಿ ಆಗುತ್ತೆ, ಸುಳ್ಳು ಯಾಕೆ ಹೇಳ್ಲಿ, ಘಾಟಿ ರೋಡಲ್ಲಿ ಒಳ್ಳೇ ಕಾರು ಓಡಿಸೋ ಖುಷಿಗೆ ಸಾಟಿ ಇಲ್ಲ. ಆದ್ರೆ ಅದು ನಿಮಗೆ ಮುನ್ಸೂಚನೆ ಕೊಡೋದು ತಡವಾಗಿ, ಜಾಸ್ತಿ ಸ್ಪೀಡಲ್ಲಿ, ಅಷ್ಟರಲ್ಲಿ ಎದುರಿಗೆ ಕೆಎಸ್‌ಆರ್‌ಟಿಸಿ ಬಸ್ಸು ಪೂರ್ತಿ ರೋಡ್ ತಗೊಂಡು ತಿರುಗ್ತಾ ಇದ್ರೆ ಏನ್ಮಾಡ್ತೀರ.

ಇಲ್ಲಿ ಒಂದು ಲೆಕ್ಕ ಎಲ್ರಿಗೂ ಗೊತ್ತಿರ್ಬೇಕು. ತಿರುವಿನ ತ್ರಿಜ್ಯ 20 ಮೀಟರ್ ಅಂತ ಇಟ್ಕೊಳ್ಳಿ. ಒಣ ಡಾಂಬರಿನ ಮೇಲೆ ಟೈರಿನ ಗ್ರಿಪ್ (ಘರ್ಷಣೆಯ ಅಳತೆ) 0.8 ಅಂದ್ರೆ ಜಾರದೆ ಹೋಗ್ಬಹುದಾದ ಹೆಚ್ಚಿನ ಸ್ಪೀಡ್ ಗಂಟೆಗೆ ಸುಮಾರು 45 ಕಿಲೋಮೀಟರ್. ಒದ್ದೆ ರೋಡಲ್ಲಿ ಗ್ರಿಪ್ 0.5ಕ್ಕೆ ಇಳಿದ್ರೆ ಅದು ಸುಮಾರು 36. ಈ ಲೆಕ್ಕದಲ್ಲಿ ಎಂಜಿನ್ ಪವರ್ ಎಲ್ಲೂ ಬರಲ್ಲ, ಕಾರಿನ ಬೆಲೆನೂ ಬರಲ್ಲ. ಸ್ಪೋರ್ಟಿ ಕಾರಿನ ಟೈರು ಚೆನ್ನಾಗಿದೆ ಅಂತ ನಾಲ್ಕೈದು ಕಿಲೋಮೀಟರ್ ಜಾಸ್ತಿ ಸಿಗ್ಬಹುದು ಅಷ್ಟೆ, ಮಣ್ಣು ಹರಡಿರೋ ಜಾಗದಲ್ಲಿ ಅದೂ ಇಲ್ಲ. ಹಾಗಾಗಿ ಮಳೆಗಾಲದ ಘಾಟೀಲಿ ಎರಡೂ ಥರದ ಕಾರು ಹೋಗೋ ಸ್ಪೀಡು ಹೆಚ್ಚುಕಮ್ಮಿ ಒಂದೇ, ಬೇರೆ ಆಗೋದು ಡ್ರೈವರ್‌ಗೆ ಎಷ್ಟು ಸುಸ್ತಾಗುತ್ತೆ ಮತ್ತು ಏನಾದ್ರೂ ಎಡವಟ್ಟಾದಾಗ ಸರಿ ಮಾಡ್ಕೊಳ್ಳೋಕೆ ಎಷ್ಟು ಅವಕಾಶ ಇರುತ್ತೆ ಅನ್ನೋದು.

ಆ ಅವಕಾಶ ಕೊಡೋದು ಇಎಸ್‌ಪಿ, ಅಂದ್ರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಪ್ರೋಗ್ರಾಂ. ಕಾರು ಹೋಗ್ತಿರೋ ದಿಕ್ಕಿಗೂ ನೀವು ಸ್ಟೇರಿಂಗ್ ತಿರುಗಿಸಿರೋ ದಿಕ್ಕಿಗೂ ತಾಳೆ ಆಗ್ಲಿಲ್ಲ ಅಂದ್ರೆ ಅದು ತಾನಾಗೇ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ಕಾರನ್ನ ಲೈನಿಗೆ ತರೋಕೆ ನೋಡುತ್ತೆ. ಎಬಿಎಸ್ ಈಗ ಎಲ್ಲಾ ಹೊಸ ಕಾರಲ್ಲೂ ಕಡ್ಡಾಯ, ಆದ್ರೆ ಎಬಿಎಸ್ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳುತ್ತೆ ಅಷ್ಟೆ, ತಿರುವಲ್ಲಿ ಹಿಂಭಾಗ ಜಾರಿದ್ರೆ ಅದರ ಕೆಲಸ ಅಲ್ಲ. 2024ರ ಸ್ವಿಫ್ಟ್‌ಗೆ ಕೆಳಗಿನ ವೇರಿಯಂಟ್‌ನಿಂದಲೇ ಇಎಸ್‌ಪಿ ಬಂತು, ಅದೇ ವರ್ಷ ಆಲ್ಟೊ ಕೆ10ಗೂ ಕೊಟ್ರು. ಹಳೇ ಕಾರು ಕೊಳ್ಳೋರು ಇದನ್ನ ಖಂಡಿತ ಕೇಳಿ, ಒಂದೇ ಮಾಡೆಲ್‌ನಲ್ಲಿ ಹಿಂದಿನ ವರ್ಷದ್ದಕ್ಕೆ ಇಲ್ಲದೆ ಮುಂದಿನ ವರ್ಷದ್ದಕ್ಕೆ ಇರ್ಬಹುದು, ನನ್ನ ಕೇಳಿದ್ರೆ ಅಲಾಯ್ ವೀಲ್, ಟಚ್ ಸ್ಕ್ರೀನ್ ಬಿಟ್ಟಾದ್ರೂ ಇಎಸ್‌ಪಿ ಇರೋದನ್ನೇ ತಗೊಳ್ಳಿ ಅಂತೀನಿ.

ಇನ್ನೊಂದು ಮಾತು, ಇದು ಪ್ರಾಣದ ವಿಷ್ಯ. ಇಳಿಜಾರಲ್ಲಿ ತಿರುವಿನ ಮಧ್ಯೆ ಗಾಬರಿಯಾಗಿ ಬ್ರೇಕ್ ತುಳಿದ್ರೆ ಭಾರ ಎಲ್ಲಾ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರ ಆಗುತ್ತೆ, ಹಗುರವಾದ ಸಣ್ಣ ಕಾರಲ್ಲಿ ಹಿಂಭಾಗ ಪಕ್ಕಕ್ಕೆ ಜಾರೋಕೆ ಅಷ್ಟು ಸಾಕು. ಬ್ರೇಕ್ ಏನಿದ್ರೂ ತಿರುವಿಗೆ ಮುಂಚೆ ನೇರ ಇರುವಾಗ, ತಿರುವಲ್ಲಿ ಗೇರಿನ ಹಿಡಿತದಲ್ಲೇ ಇಳೀರಿ. ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸ್ತೀನಿ ಅಂತ ಘಾಟಿ ಇಳಿಯೋರನ್ನ ಈಗಲೂ ನೋಡ್ತೀನಿ, ದಯವಿಟ್ಟು ಆ ಕೆಲಸ ಮಾಡ್ಬೇಡಿ, ಬ್ರೇಕ್ ಬಿಸಿಯಾಗಿ ಹಿಡಿಯೋದೇ ನಿಲ್ಲಿಸುತ್ತೆ. ಅದೂ ಅಲ್ದೆ ಈಗಿನ ಕಾರು ಗೇರಲ್ಲಿ ಇಳಿಯುವಾಗ ಆಕ್ಸಲರೇಟರ್ ಬಿಟ್ರೆ ಎಂಜಿನ್‌ಗೆ ಪೆಟ್ರೋಲ್ ಕಟ್ ಮಾಡುತ್ತೆ, ನ್ಯೂಟ್ರಲ್ಲಲ್ಲೇ ಜಾಸ್ತಿ ಕುಡಿಯೋದು.

ಘಾಟಿ ಹತ್ತುವಾಗ ಕಥೆ ಬೇರೆ

ಇಳಿಯುವಾಗ ಇಬ್ರೂ ಸಮ ಅಂದೆ, ಹತ್ತುವಾಗ ಸಮ ಇಲ್ಲ. ಆಲ್ಟೊ ಕೆ10 ತೂಕ ಖಾಲಿ ಇದ್ದಾಗ 750 ಕೆಜಿ ಆಸುಪಾಸು, ನಾಲ್ಕು ಜನ ದೊಡ್ಡವರು ಮತ್ತು ಲಗೇಜ್ ಸೇರಿ 300 ಕೆಜಿ ಅಂತ ಇಟ್ಕೊಳ್ಳಿ, ಕಾರಿನ ತೂಕದ ಶೇಕಡ 40 ಒಂದೇ ಸಲಕ್ಕೆ ಜಾಸ್ತಿ ಆಯ್ತು. ಅದೇ 300 ಕೆಜಿ ವರ್ಟಸ್ ಥರದ ಕಾರಿಗೆ ಕಾಲು ಭಾಗ ಮಾತ್ರ. ಹಾಗಾಗಿ ಒಬ್ರೇ ಓಡಿಸಿದಾಗ ಚುರುಕಾಗಿರೋ ಸಣ್ಣ ಕಾರು ಫ್ಯಾಮಿಲಿ ಕೂತ ತಕ್ಷಣ ಪೂರ್ತಿ ಬೇರೆ ಕಾರಾಗುತ್ತೆ, ಹಿಂದೆ ಕುಗ್ಗುತ್ತೆ, ಮುಂದಿನ ಚಕ್ರದ ಮೇಲೆ ಭಾರ ಕಮ್ಮಿಯಾಗಿ ಸ್ಟೇರಿಂಗ್ ಹಗುರ ಆಗುತ್ತೆ, ಬ್ರೇಕ್ ಹಾಕಿದ ಮೇಲೆ ನಿಲ್ಲೋಕೆ ಜಾಸ್ತಿ ಜಾಗ ಬೇಕು. ಟೆಸ್ಟ್ ಡ್ರೈವ್‌ನಲ್ಲಿ ನೀವೂ ಸೇಲ್ಸ್ ಹುಡುಗನೂ ಇಬ್ರೇ ಕೂತು ಓಡಿಸಿದ್ರೆ ಇದು ಗೊತ್ತೇ ಆಗಲ್ಲ.

ಶಿರಾಡಿಯಲ್ಲಿ ಮಂಗಳೂರು ಕಡೆಯಿಂದ ಬರೋ ಗ್ಯಾಸ್ ಟ್ಯಾಂಕರ್ ಹಿಂದೆ ಸಿಕ್ಕಾಕ್ಕೊಂಡಾಗ 67 ಪಿಎಸ್‌ನ 1 ಲೀಟರ್ ಎಂಜಿನ್‌ಗೆ ಎಸಿ ಹಾಕ್ಕೊಂಡು ಸೆಕೆಂಡ್ ಗೇರಲ್ಲಿ ಓವರ್‌ಟೇಕ್ ಮಾಡೋ ಶಕ್ತಿ ಇರಲ್ಲ, ಎಸಿ ಆಫ್ ಮಾಡಿ, ಆರ್‌ಪಿಎಂ ಏರಿಸಿ, ಉದ್ದದ ನೇರ ರೋಡ್ ಬರೋವರೆಗೂ ಕಾಯ್ಬೇಕು. 120 ಪಿಎಸ್ ಪವರ್, 172 ನ್ಯೂಟನ್ ಮೀಟರ್ ಟಾರ್ಕ್ (ಎಳೆಯೋ ಬಲ) ಇರೋ ಎನ್ ಲೈನ್‌ಗೋ, 120 ಪಿಎಸ್ 170 ನ್ಯೂಟನ್ ಮೀಟರ್ ಇರೋ ಆಲ್ಟ್ರೋಜ್ ರೇಸರ್‌ಗೋ ಸ್ವಲ್ಪ ನೇರ ರೋಡ್ ಸಿಕ್ಕಿದ್ರೆ ಸಾಕು. ಓವರ್‌ಟೇಕ್ ಮಾಡೋಕೆ ಎದುರು ಸೈಡಲ್ಲಿ ಇರೋ ಸಮಯ ಕಮ್ಮಿ ಆದಷ್ಟೂ ಸೇಫ್, ಪವರ್‌ನ ನಿಜವಾದ ಉಪಯೋಗ ನನಗೆ ಕಾಣೋದು ಇಲ್ಲೇ. ಮುಳ್ಳಯ್ಯನಗಿರಿ ಕಡೆ ಹೋದ್ರೆ ಎತ್ತರನೂ ಸೇರ್ಕೊಳ್ಳುತ್ತೆ, ಶಿಖರ 1930 ಮೀಟರ್, ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು ಶೇಕಡ 10 ಪವರ್ ಕಳ್ಕೊಳ್ಳುತ್ತೆ, ಟರ್ಬೊ ಗಾಳಿನ ಒತ್ತಿ ಕೊಡೋದ್ರಿಂದ ಅದಕ್ಕೆ ಅಷ್ಟು ಹೊಡೆತ ಬೀಳಲ್ಲ.

ಆದ್ರೆ ಟರ್ಬೊಗೂ ಒಂದು ಕಾಟ ಇದೆ. ಆಗುಂಬೆಯ 14 ಹೇರ್‌ಪಿನ್ ತಿರುವಲ್ಲಿ ಸ್ಪೀಡು ಹತ್ತು ಹದಿನೈದಕ್ಕೆ ಇಳಿಯುತ್ತೆ, ಸಣ್ಣ ಟರ್ಬೊ ಎಂಜಿನ್ ಸೆಕೆಂಡ್ ಗೇರಲ್ಲಿ ಕಮ್ಮಿ ಆರ್‌ಪಿಎಂಗೆ ಬಂದ್ರೆ ಒಂದು ಕ್ಷಣ ಜೀವನೇ ಇಲ್ಲದಂಗೆ ಆಗಿ ಆಮೇಲೆ ಒಮ್ಮೆಲೆ ನುಗ್ಗುತ್ತೆ, ಫಸ್ಟ್ ಗೇರಿಗೆ ಇಳಿಸೋ ಅಭ್ಯಾಸ ಮಾಡ್ಕೋಬೇಕು. ಅಲ್ಲಿ ಆಲ್ಟೊದ್ದೇ ಕೈ ಮೇಲು, ಅದರ ಟರ್ನಿಂಗ್ ರೇಡಿಯಸ್ 4.5 ಮೀಟರ್, ಒಂದೇ ಸಲಕ್ಕೆ ತಿರುಗಿಬಿಡುತ್ತೆ, ಉದ್ದದ ಕಾರುಗಳು 5 ಮೀಟರ್ ಆಸುಪಾಸು ತಗೊಳ್ಳುತ್ತೆ, ಎದುರಿಗೆ ಗಾಡಿ ಬಂದ್ರೆ ಆ ಅರ್ಧ ಮೀಟರ್‌ನ ಬೆಲೆ ಗೊತ್ತಾಗುತ್ತೆ. ಎಎಂಟಿ, ಅಂದ್ರೆ ಕ್ಲಚ್ಚು ಗೇರು ತಾನೇ ಹಾಕ್ಕೊಳ್ಳೋ ಗೇರ್‌ಬಾಕ್ಸ್ ಇರೋ ಸಣ್ಣ ಕಾರಾದ್ರೆ ಘಾಟೀಲಿ ಮ್ಯಾನುಯಲ್ ಮೋಡ್‌ಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಸರಿಯಾಗಿ ತಿರುವಿನ ಮಧ್ಯೆ ಅದು ಗೇರ್ ಬದಲಾಯಿಸೋಕೆ ಹೋಗಿ ಕಾರು ಒಂದು ಸಲ ತಡವರಿಸುತ್ತೆ.

ಹಿಂದೆ ಕೂತೋರ ಕಷ್ಟ

ಹ್ಯಾಂಡ್ಲಿಂಗ್ ಅಂದ್ರೆ ಡ್ರೈವರ್ ಖುಷಿ ಮಾತ್ರ ಅಂದ್ಕೊಂಡಿರ್ತಾರೆ, ಘಾಟೀಲಿ ಮಕ್ಕಳು ಯಾಕೆ ವಾಂತಿ ಮಾಡ್ಕೋತಾರೆ ಅಂತ ಯೋಚಿಸಿ ನೋಡಿ. ಮೆತ್ತನೆ ಸಸ್ಪೆನ್ಶನ್ ಇರೋ ಎತ್ತರದ ಕಾರು ಪ್ರತಿ ತಿರುವಿಗೂ ಎಡಕ್ಕೆ ವಾಲಿ ಬಲಕ್ಕೆ ವಾಲಿ ತೂಗಾಡ್ತಾನೇ ಇರುತ್ತೆ, ಹಿಂದಿನ ಸೀಟಲ್ಲಿ ಕೂತು ಮೊಬೈಲ್ ನೋಡ್ತಿರೋ ಮಗುಗೆ ಹೊಟ್ಟೆ ತೊಳೆಸೋದು ಸಹಜ. ಬಿಗಿ ಸಸ್ಪೆನ್ಶನ್ ಇರೋ ಕಾರಲ್ಲಿ ಈ ತೂಗಾಟ ಕಮ್ಮಿ. ಆದ್ರೆ ಅದೇ ಕಾರು ಬೆಂಗಳೂರಿನ ಗುಂಡಿ ರೋಡಲ್ಲಿ, ಲೆಕ್ಕ ಇಲ್ಲದ ಹಂಪ್‌ಗಳ ಮೇಲೆ ಸೊಂಟಕ್ಕೆ ಸೀದಾ ಹೊಡೆಯುತ್ತೆ, ಬೆನ್ನು ನೋವಿರೋ ಅಮ್ಮನ ಕೂರಿಸ್ಕೊಂಡು ಹೋಗೋರಿಗೆ ಇದು ದೊಡ್ಡ ವಿಷ್ಯ. ಗಟ್ಟಿ ಅನ್ನೋದೂ ಚೆನ್ನಾಗಿ ಟ್ಯೂನ್ ಮಾಡಿರೋದು ಅನ್ನೋದೂ ಒಂದೇ ಅಲ್ಲ, ಹಳೇ ಪೋಲೊ ಬಗ್ಗೆ ಜನ ಇವತ್ತಿಗೂ ಪ್ರೀತಿಯಿಂದ ಮಾತಾಡೋದು ಅದು ಗಟ್ಟಿ ಇದ್ರೂ ಗುಂಡೀಲಿ ಒಂದೇ ಏಟಿಗೆ ಸುಮ್ಮನಾಗ್ತಿತ್ತು, ಕುಲುಕಾಡ್ತಾ ಇರ್ಲಿಲ್ಲ ಅನ್ನೋ ಕಾರಣಕ್ಕೇ.

ಹೈವೇ ಮತ್ತು ಸಿಟಿ

ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಲಿ ಕಾರಿಗೆ ಮಿತಿ ಗಂಟೆಗೆ 100 ಕಿಲೋಮೀಟರ್, ಕ್ಯಾಮರಾ ಇದೆ, ಅದಕ್ಕಿಂತ ಜಾಸ್ತಿ ಹೋಗೋ ಮಾತೇ ಬೇಡ. ಆ 100ರಲ್ಲೇ ಎರಡೂ ಕಾರಿನ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ. ಸಣ್ಣ ಕಾರಲ್ಲಿ ಗಾಳಿ ಸದ್ದು, ಎಂಜಿನ್ ಸದ್ದು, ಸೇತುವೆ ಜಾಯಿಂಟ್ ಮೇಲೆ ಹಾರಿದಂಗೆ ಆಗೋದು, ಸ್ಟೇರಿಂಗ್‌ನ ಚೂರು ಚೂರು ಸರಿಪಡಿಸ್ತಾ ಇರೋದು, ಇದೆಲ್ಲ ಸೇರಿ ಎರಡು ಗಂಟೆಗೆ ಡ್ರೈವರ್ ಸುಸ್ತು. ಐ20, ವರ್ಟಸ್ ಥರದವು 100ರಲ್ಲಿ ನೆಲಕ್ಕೆ ಅಂಟ್ಕೊಂಡಂಗೆ ಹೋಗುತ್ತೆ, ಎದುರಿಗೆ ಯಾರೋ ಇಂಡಿಕೇಟರ್ ಹಾಕದೆ ಲೇನ್ ಬದಲಾಯಿಸಿದ್ರೆ ಒಂದು ಸಲ ಎಡಕ್ಕೆ ತಪ್ಪಿಸಿ ವಾಪಸ್ ಬರೋದು ಗಾಬರಿ ಇಲ್ಲದೆ ಆಗುತ್ತೆ. ಎತ್ತರದ ಸಣ್ಣ ಕಾರಲ್ಲಿ ಆ ವಾಪಸ್ ತಿರುಗಿಸೋದೇ ಅಪಾಯದ ಕ್ಷಣ, ಒಂದು ಕಡೆ ವಾಲಿದ ಬಾಡಿ ಒಮ್ಮೆಲೆ ಇನ್ನೊಂದು ಕಡೆ ವಾಲುತ್ತೆ. ಸಣ್ಣ ಕಾರಿರೋರು 80ರಲ್ಲಿ ಹೋಗಿ, ಏನೂ ಕಳ್ಕೊಳ್ಳಲ್ಲ, ಬ್ರೇಕ್ ಹಾಕಿದ ಮೇಲೆ ನಿಲ್ಲೋಕೆ ಬೇಕಾಗೋ ದೂರ 100ರಲ್ಲಿ ಇರೋದಕ್ಕಿಂತ ಮೂರನೇ ಒಂದು ಭಾಗಕ್ಕಿಂತ ಜಾಸ್ತಿನೇ ಕಮ್ಮಿ ಆಗುತ್ತೆ.

ಬ್ರೇಕ್ ಬಗ್ಗೆ ಕೇಳೋರಿಗೆ, ನಾಲ್ಕೂ ಡಿಸ್ಕ್ ಇದ್ರೆ ಒಳ್ಳೇದು, ಬಿಸಿಯಾದ್ರೂ ಬೇಗ ತಣ್ಣಗಾಗುತ್ತೆ. ಆದ್ರೆ 150 ಪಿಎಸ್ ಇರೋ ವರ್ಟಸ್ ಜಿಟಿ 2022ರಲ್ಲಿ ಬಂದಾಗ ಹಿಂದೆ ಡ್ರಮ್ಮೇ ಇದ್ದಿದ್ದು, ಹಾಗಂತ ಅದು ನಿಲ್ಲದೇ ಇರೋ ಕಾರೇನಲ್ಲ, ಕೊನೆಗೂ ನಿಲ್ಲಿಸೋದು ಟೈರು.

ಸಿಟಿ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಸಿಲ್ಕ್ ಬೋರ್ಡಲ್ಲಿ, ಮಾರತಹಳ್ಳೀಲಿ ಸಣ್ಣ ಕಾರೇ ರಾಜ, ಹಗುರ ಸ್ಟೇರಿಂಗ್, ಹಗುರ ಕ್ಲಚ್, ಸಂದೀಲಿ ನುಗ್ಗುತ್ತೆ, ಪಾರ್ಕಿಂಗ್ ಸಿಗುತ್ತೆ, ಪೆಟ್ರೋಲ್ ಕಮ್ಮಿ. ಸ್ಪೋರ್ಟಿ ಕಾರಿನ ಗುಣ ಒಂದೂ ಅಲ್ಲಿ ಉಪಯೋಗಕ್ಕೆ ಬರಲ್ಲ.

ಹಾಗಾದ್ರೆ ಯಾವುದು ತಗೊಳ್ಳೋದು

ಸಿಟಿ ಒಳಗೇ ಓಡಾಟ, ಊರಿಗೆ ಹೋಗೋದು ವರ್ಷಕ್ಕೆ ಒಂದೆರಡು ಸಲ, ಅದೂ ಇಬ್ರೋ ಮೂವರೋ ಅಂದ್ರೆ ಸಣ್ಣ ಹ್ಯಾಚ್‌ಬ್ಯಾಕ್ ಸಾಕು, ಉಳಿದ ದುಡ್ಡಲ್ಲಿ ಒಳ್ಳೇ ಟೈರ್ ಹಾಕ್ಸಿ. ಅವುಗಳಲ್ಲಿ ರೋಡ್ ಮೇಲೆ ಕೂರೋ ಗುಣಕ್ಕೆ ನಾನು ಟಿಯಾಗೊ ಕಡೆ, ಸ್ವಲ್ಪ ಭಾರ ಇದೆ, 1677 ಅಗಲ 1535 ಎತ್ತರ, ಹೈವೇಲಿ ಆ ಭಾರ ಅಗಲ ಎರಡೂ ಕೆಲಸಕ್ಕೆ ಬರುತ್ತೆ. ಟೈರ್ ಅಗಲ ಮಾಡ್ಸೋ ಆಸೆ ಇದ್ರೆ ಒಂದು ಹಂತ ಮಾತ್ರ ಮಾಡಿ, ಒಟ್ಟು ವ್ಯಾಸ ಹೆಚ್ಚುಕಮ್ಮಿ ಅಷ್ಟೇ ಇರೋ ಹಾಗೆ ನೋಡ್ಕೊಳ್ಳಿ, ಆಲ್ಟೊಗೆ 185 ಹಾಕ್ತೀನಿ ಅಂತ ಹೋದ್ರೆ ಸ್ಟೇರಿಂಗ್ ಭಾರ ಆಗಿ, ಪಿಕಪ್ ಬಿದ್ದು, ಮೈಲೇಜೂ ಹೋಗುತ್ತೆ.

ತಿಂಗಳಿಗೊಮ್ಮೆ ಆದ್ರೂ ಫ್ಯಾಮಿಲಿ ಜೊತೆ ಘಾಟಿ ದಾಟೋರಾದ್ರೆ ನನ್ನ ಓಟು ಮಧ್ಯದ ಕಾರಿಗೆ, ಅಂದ್ರೆ ಸ್ವಿಫ್ಟ್ ಥರದ್ದಕ್ಕೆ. 2005ರಲ್ಲಿ ಬಂದಾಗಿನಿಂದ ಅದಕ್ಕೆ ಓಡಿಸೋಕೆ ಮಜಾ ಕೊಡೋ ಕಾರು ಅನ್ನೋ ಹೆಸರಿದೆ, ಈಗಿಂದು 82 ಪಿಎಸ್ ಮಾತ್ರ, ಮೂರು ಸಿಲಿಂಡರ್, ಹಳೇ ನಾಲ್ಕು ಸಿಲಿಂಡರ್ ಎಂಜಿನ್‌ನಷ್ಟು ಉತ್ಸಾಹ ಇಲ್ಲ ನಿಜ, ಆದ್ರೆ ತೂಕ 920 ಕೆಜಿ ಆಸುಪಾಸು, 1735 ಅಗಲ, 1520 ಎತ್ತರ, ಇಎಸ್‌ಪಿ ಇದೆ, ಸಣ್ಣ ಕಾರಿನ ಹಗುರತನನೂ ಅಗಲ ಕಾರಿನ ಹಿಡಿತನೂ ಎರಡೂ ಸಿಗುತ್ತೆ. ಕೆಳಗಿನ ವೇರಿಯಂಟ್‌ಗೆ 165/80 ಆರ್14 ಟೈರು, ಮೇಲಿಂದಕ್ಕೆ 185/65 ಆರ್15, ತಿರುವಲ್ಲಿ ಈ ಎರಡೂ ಬೇರೆ ಬೇರೆ ಕಾರಿನ ಥರ ಇರುತ್ತೆ, ಹಾಗಾಗಿ ಟೆಸ್ಟ್ ಡ್ರೈವ್‌ಗೆ ಕೊಟ್ಟಿರೋದು ಮೇಲಿನ ವೇರಿಯಂಟು, ಬುಕ್ ಮಾಡ್ತಿರೋದು ಕೆಳಗಿಂದು ಅನ್ನೋ ಹಾಗಿದ್ರೆ ಹುಷಾರು.

ಓಡಿಸೋದೇ ಇಷ್ಟ, ಒಬ್ರೇ ಆದ್ರೂ ಭಾನುವಾರ ಬೆಳಗ್ಗೆ ಎದ್ದು ಸಕಲೇಶಪುರಕ್ಕೆ ಹೋಗಿ ಬರೋ ಪೈಕಿ ಅಂದ್ರೆ ಎನ್ ಲೈನೋ ಆಲ್ಟ್ರೋಜ್ ರೇಸರೋ ತಗೊಳ್ಳಿ, ಮ್ಯಾನುಯಲ್ ಗೇರ್‌ಬಾಕ್ಸಲ್ಲೇ ತಗೊಳ್ಳಿ. ಹಿಂದಿನ ಸೀಟಲ್ಲಿ ಮೂವರು, ಹೈವೇ ಜಾಸ್ತಿ ಅಂದ್ರೆ ವರ್ಟಸ್ ಜಿಟಿ ಕೊಡೋ ಧೈರ್ಯ ಈ ಬೆಲೆಯಲ್ಲಿ ಬೇರೆಯದು ಕೊಡಲ್ಲ, ಗ್ರೌಂಡ್ ಕ್ಲಿಯರೆನ್ಸ್ 179 ಮಿಲಿಮೀಟರ್ ಇರೋದ್ರಿಂದ ಹಂಪ್‌ನಲ್ಲಿ ತಳ ತಾಗೋ ಭಯನೂ ಇಲ್ಲ. ಬಜೆಟ್ ಕಮ್ಮಿ ಇದ್ರೆ ಸೆಕೆಂಡ್ ಹ್ಯಾಂಡ್ ಪೋಲೊ ಹುಡುಕಿ, 2022ಕ್ಕೆ ಪ್ರೊಡಕ್ಷನ್ ನಿಂತಿದೆ, 2020ಕ್ಕಿಂತ ಮುಂಚಿನ ಜಿಟಿ ಟಿಎಸ್‌ಐಗಳಲ್ಲಿರೋ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಗೇರ್‌ಬಾಕ್ಸ್ ರಿಪೇರಿ ಬಂದ್ರೆ ದುಬಾರಿ, ಅದಕ್ಕೆ ಸರ್ವೀಸ್ ಹಿಸ್ಟರಿ ಪೂರ್ತಿ ಇಲ್ಲದ ಗಾಡಿ ಮುಟ್ಬೇಡಿ. ಹಳೇ ಕಾರು ಯಾವುದೇ ಆಗ್ಲಿ ನೋಡೋಕೆ ಹೋದಾಗ ಮೂಲೇಲಿ ಬಾನೆಟ್ ಮೇಲೆ ಕೈ ಊರಿ ಜೋರಾಗಿ ಒತ್ತಿ ಬಿಡಿ, ಒಂದು ಸಲ ಮೇಲೆ ಬಂದು ನಿಂತ್ರೆ ಶಾಕ್ ಅಬ್ಸಾರ್ಬರ್ ಸರಿ ಇದೆ, ಎರಡು ಮೂರು ಸಲ ಕುಣಿದ್ರೆ ಅದು ಹೋಗಿದೆ, ನಾಲ್ಕೂ ಟೈರು ಒಂದೇ ಥರ ಸವೆದಿದ್ಯಾ, ಒಳಗಿನ ಅಂಚು ಮಾತ್ರ ಸವೆದಿದ್ಯಾ ಅಂತ ಬಗ್ಗಿ ನೋಡಿ.

ಹೊಸದಾದ್ರೆ ಟೆಸ್ಟ್ ಡ್ರೈವ್‌ಗೆ ಮನೆಯವರನ್ನೆಲ್ಲ ಕೂರಿಸ್ಕೊಂಡು ಹೋಗಿ. ಶೋರೂಮ್‌ನವರು ಹೇಳೋ ಒಂದು ರೌಂಡ್ ಒಪ್ಕೋಬೇಡಿ, ಗುಂಡಿ ಇರೋ ರೋಡ್ ಒಂದು, ಫ್ಲೈಓವರ್ ಅಥವಾ ರಿಂಗ್ ರೋಡ್ ಒಂದು, ಸರ್ಕಲ್ ಒಂದು ಇರೋ ದಾರಿ ಕೇಳಿ. ಸರ್ಕಲಲ್ಲಿ ತಿರುಗಿಸಿ ಸ್ಟೇರಿಂಗ್ ಮೇಲಿನ ಹಿಡಿತ ಸಡಿಲ ಮಾಡಿದ್ರೆ ಅದು ತಾನಾಗಿ ನೇರಕ್ಕೆ ಬರುತ್ತಾ ನೋಡಿ, ಹಿಂದೆ ವಾಹನ ಇಲ್ಲದ ಖಾಲಿ ರೋಡಲ್ಲಿ 50ರಿಂದ ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಾಕಿ ಕಾರು ಒಂದು ಕಡೆ ಎಳೆಯುತ್ತಾ ನೋಡಿ, ಆಮೇಲೆ ನೀವು ಹಿಂದಿನ ಸೀಟಿಗೆ ಹೋಗಿ ಕೂತು ಮನೆಯವರ ಕೈಲಿ ಅದೇ ದಾರೀಲಿ ಓಡಿಸಿ.